ಜೋಡಿ ನಕ್ಷತ್ರಗಳನ್ನು ಹತ್ತಿರ ತರುವ ಮೂರನೆಯ ನಕ್ಷತ್ರ

ಪರ್ಸಿಯಸ್ ನಕ್ಷತ್ರಪುಂಜದ ಅಲ್ಗಾಲ್ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಪರಸ್ಪರ ಸುತ್ತುವ ಎರಡು ನಕ್ಷತ್ರಗಳಲ್ಲಿ ಮಬ್ಬಾದದ್ದು ಪ್ರಖರವಾದದ್ದಕ್ಕೆ ಅಡ್ಡ ಬರುವುದೇ ಕಾರಣ. ಅವುಗಳ ನಡುವಿನ ಅಂತರ ಭೂಮಿ–ಸೂರ್ಯರ ದೂರದ ಸುಮಾರು ಹದಿನಾರನೇ ಒಂದು ಭಾಗ ಅಷ್ಟೇ.

ಇಷ್ಟು ಹತ್ತಿರದಲ್ಲಿ ಎರಡು ನಕ್ಷತ್ರಗಳು ಹುಟ್ಟಲಾರವು. ಕುಸಿಯುವ ಅನಿಲದಲ್ಲಿ ಮೊದಲು ಕಟ್ಟುವ ತಿರುಳೇ ಹಲವು ಖಗೋಳಮಾನ ಅಗಲವಿರುತ್ತದೆ (ಭೂಮಿ–ಸೂರ್ಯರ ಸರಾಸರಿ ದೂರವೇ ಒಂದು ಖಗೋಳಮಾನ). ದೂರ ಹುಟ್ಟಿದವು ಆಮೇಲೆ ಹತ್ತಿರ ಬಂದಿರಬೇಕು. 2006ರಲ್ಲಿ ಖಗೋಳವಿಜ್ಞಾನಿ ಟೋಕೊವಿನಿನ್ ಮತ್ತು ಸಂಗಡಿಗರು ಸೂರ್ಯನಂಥ ನಕ್ಷತ್ರಗಳ ಜೋಡಿಗಳನ್ನು ಪರಿಶೀಲಿಸಿದಾಗ ದೊಡ್ಡ ಸುಳಿವೊಂದು ಸಿಕ್ಕಿತು: 3 ದಿನಕ್ಕಿಂತ ಕಡಿಮೆ ಅವಧಿಯ (ಒಂದು ಸುತ್ತಿಗೆ ಹಿಡಿಯುವ ಕಾಲ) ಜೋಡಿಗಳಲ್ಲಿ ಶೇ. 96ಕ್ಕೆ ಮೂರನೆಯ ಸಂಗಾತಿಯಿದೆ. 12 ದಿನ ಮೀರಿದವುಗಳಲ್ಲಿ ಶೇ. 34ಕ್ಕೆ ಮಾತ್ರ.

ದೂರದ ಆ ನಕ್ಷತ್ರ ಮಾಡುವುದೇನು? ವಿಜ್ಞಾನಿಗಳಾದ ಲಿಡೋವ್ ಮತ್ತು ಕೊಜಾಯ್ 1960ರ ದಶಕದ ಆರಂಭದಲ್ಲಿ ಉಪಗ್ರಹ, ಕ್ಷುದ್ರಗ್ರಹಗಳಿಗಾಗಿ ಹಾಕಿದ ಲೆಕ್ಕವೇ ಇಲ್ಲೂ ನಡೆಯುತ್ತದೆ. ಮೂರನೆಯದರ ಹೊರಕಕ್ಷೆ ಜೋಡಿಯ ಒಳಕಕ್ಷೆಗೆ 39.2 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ, ಒಳಕಕ್ಷೆ ಒಮ್ಮೆ ನೀಳವಾಗುತ್ತದೆ, ಒಮ್ಮೆ ದುಂಡಗಾಗುತ್ತದೆ. ಈ ಆವರ್ತದಲ್ಲಿ ಓರೆ ತಗ್ಗುತ್ತಿದ್ದಂತೆ ನೀಳತೆ ಹೆಚ್ಚುತ್ತದೆ. ಆದರೆ ಕಕ್ಷೆಯ ಗಾತ್ರ ಇದರಿಂದ ಬದಲಾಗದು. ಅದನ್ನು ಕುಗ್ಗಿಸುವುದು ಉಬ್ಬರದ ಘರ್ಷಣೆ. ನೀಳ ಕಕ್ಷೆಯಲ್ಲಿ ಸಮೀಪ ಹಾಯುವಾಗಲೆಲ್ಲ ನಕ್ಷತ್ರಗಳ ಮೈ ಹಿಗ್ಗಿ ಕುಗ್ಗಿ, ಕಕ್ಷೆಯ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ.

ಸೂರ್ಯನಷ್ಟೇ ತೂಕದ ಎರಡು ನಕ್ಷತ್ರಗಳು 1 ಖಗೋಳಮಾನ ದೂರದಲ್ಲಿ ದುಂಡನೆಯ ಕಕ್ಷೆಯಲ್ಲಿವೆ ಎನ್ನಿ; ಅವಧಿ 258 ದಿನ. ಆರಂಭದ ಓರೆ 80 ಡಿಗ್ರಿ ಇದ್ದರೆ ಉತ್ಕೇಂದ್ರತೆ (ಕಕ್ಷೆಯ ನೀಳತೆಯ ಅಳತೆ; ದುಂಡಗಿದ್ದರೆ 0) 0.97ರವರೆಗೆ ಏರಿ, ಸಮೀಪದ ಅಂತರ ಸೂರ್ಯನ ತ್ರಿಜ್ಯದ ಐದೂವರೆ ಪಟ್ಟಿಗೆ ಇಳಿಯುತ್ತದೆ. ಕೋನೀಯ ಸಂವೇಗ (ಸುತ್ತುವ ಚಲನೆಯ ಪ್ರಮಾಣ) ಹಾಗೇ ಉಳಿದು ಕಕ್ಷೆ ಮತ್ತೆ ದುಂಡಗಾದಾಗ ಅವಧಿ ಸುಮಾರು 3 ದಿನ! ಹೊರಗಿನದು 100 ವರ್ಷಕ್ಕೊಮ್ಮೆ ಸುತ್ತುವುದಾದರೆ ಒಂದು ಆವರ್ತಕ್ಕೆ ಹತ್ತು ಸಾವಿರ ವರ್ಷಗಳ ಆಸುಪಾಸು ಸಾಕು; ನಕ್ಷತ್ರದ ಆಯಸ್ಸಿನಲ್ಲಿ ಅದು ಕ್ಷಣಮಾತ್ರ.

ಎಲ್ಲೆಡೆ ಇದು ಫಲಿಸದು. ಸಾಪೇಕ್ಷತೆಯ ಪರಿಣಾಮದಿಂದಲೋ ನಕ್ಷತ್ರಗಳ ಉಬ್ಬಿನಿಂದಲೋ ಒಳಕಕ್ಷೆಯ ಉದ್ದನೆಯ ಅಕ್ಷ ತಾನೇ ಬೇಗ ತಿರುಗತೊಡಗಿದರೆ, ಮೂರನೆಯದರ ಪುಟ್ಟ ಎಳೆತಗಳು ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುವುದಿಲ್ಲ. ಇನ್ನು ಎಳವೆಯಲ್ಲೇ ಸುತ್ತಲಿನ ಅನಿಲದ ಎಳೆತದಿಂದ ಹತ್ತಿರವಾದ ಜೋಡಿಗಳೂ ಬಹಳ ಇರಬೇಕು. ಎಲ್ಲದರ ಶ್ರೇಯಸ್ಸನ್ನೂ ಈ ಓರೆಗೇ ಕೊಡುವುದು ಸರಿಯಲ್ಲ.

ಅಲ್ಗಾಲ್‌ಗೂ ಮೂರನೆಯ ಸಂಗಾತಿಯಿದೆ. ಅದು 680 ದಿನಕ್ಕೊಮ್ಮೆ, ಒಳಕಕ್ಷೆಗೆ ಬಹುಪಾಲು ಲಂಬವಾಗಿ ಸುತ್ತುತ್ತದೆ. ಬಿಂದುವಿನಂಥ ನಕ್ಷತ್ರಗಳಾಗಿದ್ದರೆ ಒಳಜೋಡಿ ಎಂದೋ ಡಿಕ್ಕಿ ಹೊಡೆಯುತ್ತಿತ್ತು. ಪರಸ್ಪರ ಸೆಳೆತಕ್ಕೆ ಉಬ್ಬಿದ ಮೈಯೇ ಅಕ್ಷವನ್ನು ತಿರುಗಿಸುತ್ತ ಅದನ್ನು ಕಾಯುತ್ತಿದೆ.