4294967297: 92 ವರ್ಷ ಯಾರೂ ಒಡೆಯದ ಸಂಖ್ಯೆ

429 ಕೋಟಿ 49 ಲಕ್ಷ 67 ಸಾವಿರದ 297. ಇದನ್ನು 641ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ, ಸರಿಯಾಗಿ 6700417 ಬರುತ್ತದೆ. ಕಾಗದ, ಪೆನ್ಸಿಲ್ ಸಾಕು. ಆದರೂ ಇದು ಬೆಳಕಿಗೆ ಬರಲು 92 ವರ್ಷ ಹಿಡಿಯಿತು.

ಶುರುವಾದದ್ದು 1640ರಲ್ಲಿ. ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ ಒಂದು ಸರಣಿಯ ಬೆನ್ನು ಹತ್ತಿದ್ದ. 3ರಿಂದ ಆರಂಭಿಸಿ. 1 ಕಳೆದು, ವರ್ಗ ಮಾಡಿ, ಮತ್ತೆ 1 ಕೂಡಿಸಿ. 3, 5, 17, 257, 65537 ಹೀಗೆ ಸಾಗುತ್ತದೆ. ಐದೂ ಅವಿಭಾಜ್ಯ ಸಂಖ್ಯೆಗಳೇ. ಮುಂದಿನವೂ ಹಾಗೇ ಇರುತ್ತವೆ ಎಂದು ಫರ್ಮಾ ಗೆಳೆಯರಿಗೆ ಪತ್ರ ಬರೆದ. ಪುರಾವೆ ಕೈಯಲ್ಲಿಲ್ಲ ಎಂದು ಒಪ್ಪಿಕೊಂಡ, ನಂಬಿಕೆ ಮಾತ್ರ ಬಿಡಲಿಲ್ಲ. ಸರಣಿಯ ಆರನೆಯದೇ ನಮ್ಮ 4294967297, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು.

1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಪತ್ರ ಬರೆದು ಈ ಮಾತನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್ ಕಿವಿಗೆ ಹಾಕಿದ. 1732ರಲ್ಲಿ ಆಯ್ಲರ್ 641 ಅನ್ನು ಮುಂದಿಟ್ಟ. ಅದು ಸಿಕ್ಕಿದ್ದು ಹೇಗೆ ಎಂಬ ಗುಟ್ಟು ಅವನ ನಂತರದ ಬರಹದಲ್ಲಿದೆ. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ 1 ಜಾಸ್ತಿ ಇರಲೇಬೇಕು. ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋದರೆ 65536ರವರೆಗೆ (ಅಂದರೆ ಇದರ ವರ್ಗಮೂಲದವರೆಗೆ) 6542 ಅವಿಭಾಜ್ಯಗಳನ್ನು ಪರೀಕ್ಷಿಸಬೇಕಾದೀತು. ಈ ನಿಯಮ ಹಿಡಿದರೆ ಮೊದಲು 193, ಆಮೇಲೆ 257, 449, 577. ಯಾವುದೂ ಹೊಂದುವುದಿಲ್ಲ. ಐದನೆಯದೇ 641!

ನನಗೆ ಆಯ್ಲರ್ ಜಾಣತನಕ್ಕಿಂತ ಫರ್ಮಾ ಎಡವಿದ್ದೇ ಹೆಚ್ಚು ಸೋಜಿಗ. ಇಂಥದ್ದೇ ಉಪಾಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ 1640ರಲ್ಲಿ ಅವನು 2ರ 37ನೇ ಘಾತದಿಂದ 1 ಕಳೆದ ಸಂಖ್ಯೆಯನ್ನು ಒಡೆದಿದ್ದ. 37ರ ಮಗ್ಗಿಗಿಂತ 1 ಜಾಸ್ತಿ ಇರುವ ಅವಿಭಾಜ್ಯಗಳನ್ನಷ್ಟೇ ನೋಡಿ 223 ಅನ್ನು ಹಿಡಿದಿದ್ದ. ಆಯುಧ ಅವನ ಕೈಯಲ್ಲೇ ಇತ್ತು ಅಲ್ವಾ? ಐದು ಸಲ ಭಾಗಾಕಾರ ಮಾಡಿದ್ದರೆ ಸಾಕಿತ್ತು. ಬಹುಶಃ ಮೊದಲ ಐದರ ಅಂದಕ್ಕೇ ಅವನು ಮರುಳಾಗಿದ್ದ.

ಆ ಐದಕ್ಕೆ ಬೇರೊಂದು ಬೆಲೆಯೂ ಇದೆ. 1796ರಲ್ಲಿ 18ರ ಹುಡುಗ ಗಾಸ್, ಬಾಹು, ಕೋನಗಳೆಲ್ಲ ಸಮನಾದ 17 ಬಾಹುಗಳ ಆಕೃತಿಯನ್ನು ಬರೀ ಅಳತೆ ಗುರುತುಗಳಿಲ್ಲದ ಪಟ್ಟಿ ಮತ್ತು ಕೈವಾರದಿಂದ ರಚಿಸಬಹುದೆಂದು ತೋರಿಸಿದ. 257, 65537 ಬಾಹುಗಳಿಗೂ ಅದು ಸಾಧ್ಯ.

ಸರಣಿಯ ಏಳನೆಯ ಸಂಖ್ಯೆ 20 ಅಂಕಿಗಳದ್ದು. ಅದನ್ನು 1880ರಲ್ಲಿ ಒಡೆದವನು 82 ವರ್ಷದ ಗಣಿತಜ್ಞ ಲಾಂಡ್ರಿ: 274177 ಗುಣಿಸು 67280421310721. ಎಂಟನೆಯದು 1970ರವರೆಗೆ ಕಾಯಿತು, ಅದಕ್ಕೆ ಕಂಪ್ಯೂಟರೇ ಬೇಕಾಯಿತು. ಈಗ ನಂಬಿಕೆ ತಿರುಗುಮುರುಗಾಗಿದೆ. ಸರಣಿಯಲ್ಲಿ 65537ರ ಆಚೆ ಒಂದೂ ಅವಿಭಾಜ್ಯ ಸಿಕ್ಕಿಲ್ಲ, ಇನ್ನು ಸಿಗಲಾರದು ಎಂಬುದೇ ಹೆಚ್ಚಿನವರ ಊಹೆ. ಇದಕ್ಕೂ ಪುರಾವೆಯಿಲ್ಲ. ಇನ್ನೂ ತೀರ್ಮಾನವಾಗದವುಗಳಲ್ಲಿ ಅತಿ ಚಿಕ್ಕದು 2ರ ಘಾತವಾಗಿ 2ರ 33ನೇ ಘಾತವನ್ನಿಟ್ಟು 1 ಕೂಡಿಸಿದ್ದು. ಅದಕ್ಕೇ 258 ಕೋಟಿಗೂ ಹೆಚ್ಚು ಅಂಕಿಗಳಿವೆ.