ಬೀಳಲು ಕಲಿಸುವ ವಿಮಾನ

2011ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ನೋಡಿದವರಿಗೆ ಸೂರ್ಯಕಿರಣ ತಂಡದ ಕೆಂಪು-ಬಿಳಿ ವಿಮಾನಗಳು ನೆನಪಿರಬಹುದು. ಆ ಪ್ರದರ್ಶನ ಮುಗಿದದ್ದೇ ತಂಡದ ಹಾರಾಟ ನಿಂತುಹೋಯಿತು. ವಿಮಾನಗಳು ಕೆಟ್ಟಿರಲಿಲ್ಲ. ಕೆಡದೆ ಇದ್ದದ್ದೇ ಕಾರಣ ಎನ್ನಬೇಕು. ಅವು ಎಚ್‌ಎಎಲ್ ತಯಾರಿಸಿದ ಕಿರಣ್ ಜೆಟ್‌ಗಳು, ಮೂಲತಃ ಪಾಠ ಹೇಳುವ ವಿಮಾನಗಳು. ವಾಯುಪಡೆಯಲ್ಲಿ ಪಾಠಕ್ಕೇ ವಿಮಾನ ಸಾಲದಾದಾಗ ಕಸರತ್ತು ಬಿಡಿಸಿ ಅವನ್ನು ತರಗತಿಗೆ ವಾಪಸ್ ಕರೆಸಿಕೊಳ್ಳಲಾಯಿತು.

ಕೊರತೆ ಶುರುವಾದದ್ದು 2009ರ ಜುಲೈ ಕೊನೆಯಲ್ಲಿ. ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿ, ಹೊಸಬರಿಗೆ ಮೊದಲ ಪಾಠ ಹೇಳುವ ಎಚ್‌ಎಎಲ್‌ನದೇ ಎಚ್‌ಪಿಟಿ-32 ದೀಪಕ್ ವಿಮಾನವೊಂದು ಬಿದ್ದು ಅದರಲ್ಲಿದ್ದ ಇಬ್ಬರೂ ತೀರಿಕೊಂಡರು. ಇಬ್ಬರೂ ಕಲಿಯುವ ಹುಡುಗರಲ್ಲ, ಕಲಿಸುವ ಬೋಧಕರು. ದೀಪಕ್‌ಗೆ ಮೊದಲಿನಿಂದಲೂ ಒಂದು ಕಾಯಿಲೆ ಇತ್ತು: ಹಾರುತ್ತಿರುವಾಗಲೇ ಎಂಜಿನ್ ನಿಂತುಬಿಡುವುದು. ನಿಂತರೆ ಅದು ಹದ್ದಿನ ಹಾಗೆ ತೇಲುತ್ತ ದೂರ ಹೋಗುವ ಜಾಯಮಾನದ್ದೂ ಅಲ್ಲ. ಪೈಲಟ್ ಹೊರಗೆ ಚಿಮ್ಮಲು ಎಜೆಕ್ಷನ್ ಸೀಟ್ ಕೂಡ ಇರಲಿಲ್ಲ. ಅಪಘಾತದ ನಂತರ ನೂರಕ್ಕೂ ಹೆಚ್ಚು ದೀಪಕ್‌ಗಳನ್ನು ಒಟ್ಟಿಗೆ ನೆಲಕ್ಕಿಳಿಸಲಾಯಿತು. ಅವು ಮತ್ತೆ ತರಬೇತಿಗೆ ಮರಳಲಿಲ್ಲ.

ಯುದ್ಧವಿಮಾನದ ಪೈಲಟ್ ಆಗುವವರು ಮೂರು ಹಂತ ದಾಟಬೇಕು. ಮೊದಲು ಪ್ರೊಪೆಲ್ಲರ್ ಇರುವ ಸರಳ ವಿಮಾನ, ಆಮೇಲೆ ಕಿರಣ್‌ನಂಥ ಸಾಧು ಜೆಟ್, ಕೊನೆಗೆ ಯುದ್ಧವಿಮಾನದ ಹತ್ತಿರಕ್ಕೆ ಬರುವ ವೇಗದ ಜೆಟ್. ಮೊದಲ ಹಂತ ಇಲ್ಲವಾದಾಗ ಆಕಾಶವನ್ನೇ ಕಾಣದ ಕೆಡೆಟ್‌ಗಳು ನೇರವಾಗಿ ಕಿರಣ್ ಹತ್ತಿದರು. ಒಂದನೇ ಕ್ಲಾಸಿನ ಮಕ್ಕಳನ್ನು ಐದನೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ. ಕಿರಣ್ ಮೊದಲು ಹಾರಿದ್ದು 1964ರಲ್ಲಿ. ತನ್ನ ಕೆಲಸದ ಜೊತೆಗೆ ದೀಪಕ್‌ನ ಕೆಲಸವೂ ಅದರ ಹೆಗಲೇರಿತು.

ಮೇಲಿನ ಹಂತದ ಕಥೆ ಇನ್ನೂ ದೀರ್ಘ. ಕಿರಣ್‌ನಿಂದ ಇಳಿದು ಸೀದಾ ಮಿಗ್-21 ಏರುವುದು ಅಪಾಯ, ನಡುವೆ ಇನ್ನೊಂದು ವಿಮಾನ ಬೇಕು ಎಂದು ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಬ್ರಿಟನ್ನಿನ ಹಾಕ್ ವಿಮಾನಗಳಿಗೆ ಒಪ್ಪಂದವಾದದ್ದು 2004ರಲ್ಲಿ. ಮೊದಲ ಹಾಕ್‌ಗಳು ನಮ್ಮ ಬೀದರ್‌ನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಸಮಿತಿ ವರದಿ ಕೊಟ್ಟ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ತಾನೇ ಪೈಲಟ್ ಆಗಿರಬಹುದಿತ್ತು!

ಅದಕ್ಕೆ ಹೋಲಿಸಿದರೆ ದೀಪಕ್‌ಗೆ ಬದಲಿ ಬೇಗನೇ ಬಂತು. 2012ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿಯ 75 ಪಿಸಿ-7 ಮಾರ್ಕ್-2 ವಿಮಾನಗಳಿಗೆ ಸಹಿಯಾಯಿತು. ಮುಂದಿನ ವರ್ಷ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಅವು ಕೆಲಸಕ್ಕಿಳಿದವು. ದೀಪಕ್‌ನದು 260 ಅಶ್ವಶಕ್ತಿಯ ಪಿಸ್ಟನ್ ಎಂಜಿನ್. ಪಿಲಾಟಸ್‌ನದು 700 ಅಶ್ವಶಕ್ತಿಯ ಟರ್ಬೊಪ್ರಾಪ್, ಅಂದರೆ ಮೂತಿಯಲ್ಲಿ ಪ್ರೊಪೆಲ್ಲರ್ ತಿರುಗಿದರೂ ಅದನ್ನು ತಿರುಗಿಸುವುದು ಒಳಗಿನ ಜೆಟ್ ಟರ್ಬೈನು. ದೀಪಕ್‌ನಲ್ಲಿ ಗುರು-ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು, ಇದರಲ್ಲಿ ಹಿಂದೆ-ಮುಂದೆ. ಶಿಷ್ಯನ ಮುಖ ಗುರುವಿಗೆ ಕಾಣದು ಎಂಬುದು ನಷ್ಟ. ಆದರೆ ಮುಂದೆ ಏರಬೇಕಾದ ಯುದ್ಧವಿಮಾನದಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂಬುದು ಮೊದಲ ದಿನವೇ ರೂಢಿಯಾಗುತ್ತದೆ. ಎಜೆಕ್ಷನ್ ಸೀಟೂ ಬಂತು.

ದುಡ್ಡಿದ್ದರೆ ಕೊಳ್ಳಬಹುದು, ಸರಿ. ನಾವೇ ಮಾಡಿಕೊಳ್ಳುವುದು ಯಾಕಷ್ಟು ಕಷ್ಟ? ಯುದ್ಧವಿಮಾನ ತೇಜಸ್ ಮಾಡಿದವರಿಗೆ ಪುಟ್ಟ ತರಬೇತಿ ವಿಮಾನ ಯಾವ ಲೆಕ್ಕ ಎಂದು ನಾನೂ ಅಂದುಕೊಂಡಿದ್ದೆ. ಆ ಎಣಿಕೆ ತಪ್ಪೆಂದು ತಿಳಿದದ್ದು ‘ಸ್ಪಿನ್’ ಅರ್ಥವಾದ ಮೇಲೆ.

ರೆಕ್ಕೆ ಗಾಳಿಗೆ ಸ್ವಲ್ಪ ಮೂತಿ ಎತ್ತಿ ನಿಂತಾಗ ಮೇಲೆತ್ತುವ ಬಲ ಹುಟ್ಟುತ್ತದೆ. ಇನ್ನಷ್ಟು ಎತ್ತಿದರೆ ಬಲವೂ ಇನ್ನಷ್ಟು. ಆದರೆ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿ ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಗಳಾಗಿ ಚದುರುತ್ತದೆ, ಬಲ ಕುಸಿಯುತ್ತದೆ. ಇದು ಸ್ಟಾಲ್. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗಬಹುದು. ಎರಡು ರೆಕ್ಕೆಗಳೂ ಸಮನಾಗಿ ಸ್ಟಾಲ್ ಆದರೆ ಮೂತಿ ಬಾಗಿಸಿ ಸುಧಾರಿಸಿಕೊಳ್ಳಬಹುದು. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸೋತರೆ ವಿಮಾನ ಅತ್ತ ವಾಲುತ್ತದೆ, ವಾಲಿದ ರೆಕ್ಕೆ ಇನ್ನೂ ಸೋಲುತ್ತದೆ, ಸೋತಷ್ಟೂ ತಿರುಗುತ್ತದೆ. ಇದೇ ಸ್ಪಿನ್. ಮಹಾಗನಿ ಮರದ ರೆಕ್ಕೆಬೀಜ ಗಿರಗಿರನೆ ಸುತ್ತುತ್ತ ಇಳಿಯುವುದನ್ನು ನೋಡಿದ್ದೀರಲ್ಲ, ಹಾಗೆ. ಬೀಜಕ್ಕೆ ಅದು ಅನುಕೂಲ, ವಿಮಾನಕ್ಕಲ್ಲ.

ಬಿಡಿಸಿಕೊಳ್ಳುವ ವಿಧಾನ ಸಾಮಾನ್ಯವಾಗಿ ಹೀಗೆ: ಎಂಜಿನ್ ಶಕ್ತಿ ತಗ್ಗಿಸು, ತಿರುಗುವುದಕ್ಕೆ ವಿರುದ್ಧವಾದ ಕಡೆಗೆ ರಡ್ಡರ್ (ನೆಟ್ಟಗಿನ ಬಾಲದಲ್ಲಿ ಎಡಬಲಕ್ಕೆ ಹೊರಳುವ ಹಲಗೆ) ಪೂರ್ತಿ ಒತ್ತು, ಮೂತಿ ಏರಿಳಿಸುವ ಸ್ಟಿಕ್ ಮುಂದೆ ತಳ್ಳು. ನೆಲ ಕಣ್ಣೆದುರು ಬುಗುರಿಯಂತೆ ಸುತ್ತುತ್ತಿರುವಾಗ ಸ್ಟಿಕ್ಕನ್ನು ನೆಲದ ಕಡೆಗೇ ತಳ್ಳುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಅಭ್ಯಾಸ ಬೇಕು. ಯುದ್ಧವಿಮಾನ ಸ್ಪಿನ್‌ಗೆ ಬೀಳದಂತೆ ಕಂಪ್ಯೂಟರ್ ಕಾಯಬಹುದು. ತರಬೇತಿ ವಿಮಾನಕ್ಕೆ ಆ ರಿಯಾಯಿತಿ ಇಲ್ಲ. ಬೀಳು ಎಂದಾಗ ಬೀಳಬೇಕು, ಏಳು ಎಂದಾಗ ಏಳಬೇಕು, ಅದೂ ಹೊಸಬರ ಕೈಯಲ್ಲಿ.

ಕಿರಣ್‌ಗೆ ಬದಲಿ ಎಂದು ಎಚ್‌ಎಎಲ್ ಮಾಡಿದ ಸಿತಾರ ಮುಗ್ಗರಿಸಿದ್ದು ಇಲ್ಲೇ. 2003ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಅದು ಹಾರಿದಾಗ ಇನ್ನೇನು ಕೆಲವೇ ವರ್ಷ ಎಂಬ ಉತ್ಸಾಹವಿತ್ತು. ಆಮೇಲೆ ಫ್ರೆಂಚ್ ಎಂಜಿನ್ ಬಿಟ್ಟು ರಷ್ಯಾದ್ದನ್ನು ಹಾಕಿದರು. 2011ರಲ್ಲಿ ಒಂದು ಮಾದರಿ ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿತ್ತು, ಪೈಲಟ್‌ಗಳು ಹೊರಗೆ ಚಿಮ್ಮಿ ಬದುಕಿದರು. ಎಲ್ಲಕ್ಕಿಂತ ಕಾಡಿದ್ದು ಸ್ಪಿನ್. ಸ್ಪಿನ್‌ನಲ್ಲಿ ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಗೆ ವಿಮಾನದ ಮೈಯೇ ಬಾಲಕ್ಕೆ ಅಡ್ಡ ಬಂದರೆ, ಪೈಲಟ್ ಎಷ್ಟು ಒತ್ತಿದರೂ ರಡ್ಡರ್‌ಗೆ ಹಿಡಿಯಲು ಗಾಳಿ ಸಿಗದು. ಕೊನೆಗೆ ನೆಟ್ಟಗಿನ ಬಾಲವನ್ನು ಹಿಂದಕ್ಕೆ ಸರಿಸಿ, ರಡ್ಡರ್ ಉದ್ದ ಮಾಡಿದರು. ಕಟ್ಟಿದ ಮನೆಯ ಗೋಡೆ ಜರುಗಿಸುವಂಥ ಕೆಲಸ. ಎಡಕ್ಕೂ ಬಲಕ್ಕೂ ಆರಾರು ಸುತ್ತು ಬಿದ್ದು ಎದ್ದು ತೋರಿಸುವ ಹೊತ್ತಿಗೆ 2022 ಬಂದಿತ್ತು. 2025ರಲ್ಲಿ ಅದಕ್ಕೆ ಯಶಸ್ ಎಂದು ಹೊಸ ಹೆಸರಿಟ್ಟರು.

ಎಚ್‌ಎಎಲ್‌ನದೇ ಇನ್ನೊಂದು ತರಬೇತಿ ವಿಮಾನ ಎಚ್‌ಟಿಟಿ-40 ಬೇರೆಯದೇ ಜಗಳದ ಕೂಸು. ದೀಪಕ್ ಜಾಗಕ್ಕೆ ಇದು ಬೇಡ, ಇನ್ನಷ್ಟು ಪಿಲಾಟಸ್ ಕೊಂಡರೆ ಅಗ್ಗ ಎಂದಿತ್ತು ವಾಯುಪಡೆ. ಎಚ್‌ಎಎಲ್ ಪಟ್ಟು ಬಿಡದೆ ತನ್ನ ಗಂಟಿನಿಂದ ಖರ್ಚು ಮಾಡಿ ಕಟ್ಟಿತು. ದೀಪಕ್ ಅನುಭವದಿಂದ ಸುಟ್ಟುಕೊಂಡವರ ಅನುಮಾನ ನನಗೆ ತಪ್ಪೆನಿಸುವುದಿಲ್ಲ. ಎಚ್‌ಎಎಲ್ ಹಟವೂ ವ್ಯರ್ಥವಾಗಲಿಲ್ಲ. 2016ರ ಮೇ 31ರಂದು ಮೊದಲ ಹಾರಾಟ, ಆಮೇಲೆ ಆರು ಸುತ್ತಿನ ಸ್ಪಿನ್ ಪರೀಕ್ಷೆಯಲ್ಲಿ ಪಾಸು, 2023ರ ಮಾರ್ಚ್‌ನಲ್ಲಿ 70 ವಿಮಾನಗಳಿಗೆ ಸುಮಾರು 6,800 ಕೋಟಿ ರೂಪಾಯಿಯ ಒಪ್ಪಂದ. ಇದರ ಟರ್ಬೊಪ್ರಾಪ್ ಎಂಜಿನ್ ಮಾತ್ರ ಅಮೆರಿಕದ ಹನಿವೆಲ್ ಕಂಪನಿಯದು. ಅದು ಬರುವುದು ತಡವಾದರೆ ಇಲ್ಲಿ ವಿಮಾನವೂ ತಡ.

ಸ್ಪಿನ್ ಪರೀಕ್ಷೆಗೆ ಹೋಗುವ ಮಾದರಿ ವಿಮಾನದ ಬಾಲಕ್ಕೆ ಒಂದು ಪ್ಯಾರಾಚೂಟ್ ಕಟ್ಟಿರುತ್ತಾರೆ. ಯಾವ ಉಪಾಯವೂ ನಡೆಯದಿದ್ದರೆ ಪೈಲಟ್ ಅದನ್ನು ಬಿಚ್ಚುತ್ತಾನೆ. ಅದು ಬಾಲವನ್ನು ಹಿಡಿದೆಳೆದು ತಿರುಗಾಟ ನಿಲ್ಲಿಸುತ್ತದೆ. ಪರೀಕ್ಷೆಗಳೆಲ್ಲ ಮುಗಿದು ಕೆಡೆಟ್‌ಗಳ ಕೈಗೆ ಹೋಗುವ ವಿಮಾನಗಳಲ್ಲಿ ಆ ಪ್ಯಾರಾಚೂಟ್ ಇರುವುದಿಲ್ಲ.