ಎಲ್ರ ಚಾರ್ಟಲ್ಲೂ ಪ್ಯಾಂಟೊ ಯಾಕೆ? ಪಿಪಿಐ ಬಗ್ಗೆ ನನ್ನ ನೋಟ್ಸ್

ಮೆಡಿಸಿನ್ ಪೋಸ್ಟಿಂಗಲ್ಲಿ ಡ್ರಗ್ ಚಾರ್ಟ್ ಓದೋಕೆ ಶುರು ಮಾಡಿದ್ಮೇಲೆ ಒಂದು ವಿಷ್ಯ ಗಮನಿಸಿದೆ, ಡೆಂಗ್ಯೂ ಅಂತ ಬಂದವ್ರಿಗೂ ಇಂಜೆಕ್ಷನ್ ಪ್ಯಾಂಟೊ 40 (ಹೊಟ್ಟೆಯ ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್, 40 ಮಿಗ್ರಾಂ), ಕಾಲು ಊದಿ ಸೆಲ್ಯುಲೈಟಿಸ್ (ಚರ್ಮದ ಸೋಂಕು) ಅಂತ ಬಂದವ್ರಿಗೂ ಅದೇ, ಬೆಳಿಗ್ಗೆ ಎದ್ದು ಕ್ಯಾಂಟೀನಿಗೆ ಹೋಗಿ ಇಡ್ಲಿ ವಡೆ ತಿಂದ್ಕೊಂಡು ಬರೋ ಪೇಷಂಟಿಗೂ ಐವಿನಲ್ಲಿ, ಅಂದ್ರೆ ನೇರ ರಕ್ತನಾಳಕ್ಕೆ, ಅದೇ. ಯಾಕೆ ಅಂತ ಕೇಳಿದ್ರೆ ಸೀನಿಯರ್ ಹೇಳಿದ್ದು, "ಆಂಟಿಬಯೋಟಿಕ್ ಹೋಗ್ತಿದೆಯಲ್ಲ, ಗ್ಯಾಸ್ಟ್ರಿಕ್ ಆಗ್ಬಾರ್ದು ಅಂತ." ಈ ಉತ್ತರ ಥಿಯರಿನಲ್ಲಿ ಬರೆದ್ರೆ ಮಾರ್ಕ್ಸ್ ಬರಲ್ಲ. ಆಂಟಿಬಯೋಟಿಕ್ ತಗೊಂಡಾಗ ಆಗೋ ಹೊಟ್ಟೆ ತೊಳಸೋದು, ಭೇದಿ ಇವೆಲ್ಲ ಆಸಿಡ್ ಜಾಸ್ತಿ ಆಗಿ ಬರೋದಲ್ಲ, ಹಂಗಾಗಿ ಆಸಿಡ್ ಕಮ್ಮಿ ಮಾಡಿದ್ರೆ ಅದು ನಿಲ್ಲೋದೂ ಇಲ್ಲ.

ಮೊದ್ಲು ಫಾರ್ಮಕಾಲಜಿ ಚಿಕ್ಕದಾಗಿ ಮುಗಿಸೋಣ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲಾ ಪ್ರೋಟಾನ್ ಪಂಪ್ ಇನ್ಹಿಬಿಟರ್, ಶಾರ್ಟಾಗಿ ಪಿಪಿಐ. ಹೊಟ್ಟೆಯ ಪರೈಟಲ್ ಸೆಲ್ಲಲ್ಲಿ ಆಸಿಡ್ ಹೊರಗೆ ತಳ್ಳೋ ಪಂಪಿಗೆ ಹೋಗಿ ಅಂಟ್ಕೊಂಡು ಬಿಡ್ತವೆ, ಮತ್ತೆ ಬಿಡಲ್ಲ. ರಕ್ತದಲ್ಲಿ ಹಾಫ್ ಲೈಫ್ (ಔಷಧಿ ಅರ್ಧಕ್ಕೆ ಇಳಿಯೋ ಸಮಯ) ಒಂದೆರಡು ಗಂಟೆ ಅಷ್ಟೇ, ಆದ್ರೂ ಎಫೆಕ್ಟ್ ದಿನಪೂರ್ತಿ ಇರತ್ತೆ, ಯಾಕಂದ್ರೆ ಸೆಲ್ ಹೊಸ ಪಂಪ್ ತಯಾರು ಮಾಡೋ ತನಕ ಅಂಟಿದ ಪಂಪಿಂದ ಆಸಿಡ್ ಬರೋ ಹಾಗಿಲ್ಲ. ಕೆಲಸ ಮಾಡ್ತಿರೋ ಪಂಪಿಗೆ ಮಾತ್ರ ಅಂಟೋದ್ರಿಂದ ಊಟಕ್ಕೆ 30ರಿಂದ 60 ನಿಮಿಷ ಮುಂಚೆ ತಗೋಬೇಕು (ವಾರ್ಡಲ್ಲಿ ತಿಂಡಿ ಆದ್ಮೇಲೆ ಬೇರೆ ಮಾತ್ರೆಗಳ ಜೊತೆ ಒಟ್ಟಿಗೆ ಕೈಗೆ ಹಾಕ್ತಾರೆ, ಅದು ಬೇರೆ ಕಥೆ).

ಈಗ ಅಸಲಿ ವಿಷ್ಯ. ಈ ಅಭ್ಯಾಸ ಹುಟ್ಟಿದ್ದು ವಾರ್ಡಲ್ಲಲ್ಲ, ಐಸಿಯುನಲ್ಲಿ. ತುಂಬಾ ಸೀರಿಯಸ್ ಇರೋರಿಗೆ ಬಿಪಿ ಬಿದ್ದು ಹೊಟ್ಟೆಯ ಒಳಪದರಕ್ಕೆ ರಕ್ತ ಸರಿಯಾಗಿ ಹೋಗಲ್ಲ, ಪದರ ಸೋತು ಹೋಗತ್ತೆ, ಆಗ ಮಾಮೂಲಿ ಆಸಿಡ್ಡೇ ಅದನ್ನ ಕೊರೆದು ರಕ್ತಸ್ರಾವ ಆಗತ್ತೆ. ಇದೇ ಸ್ಟ್ರೆಸ್ ಅಲ್ಸರ್. ಸ್ಟ್ರೆಸ್ ಅಂದ್ರೆ ಎಕ್ಸಾಮ್ ಟೆನ್ಷನ್ ಅಲ್ಲ, ದೇಹಕ್ಕೆ ಬಿದ್ದ ಹೊಡೆತ.

ಯಾರಿಗೆ ಈ ರಕ್ತಸ್ರಾವ ಆಗತ್ತೆ ಅಂತ ಕೆನಡಾದ ಡೆಬೊರಾ ಕುಕ್ ತಂಡ 1994ರಲ್ಲಿ 2252 ಐಸಿಯು ಪೇಷಂಟ್ಸ್ ನೋಡಿ ಬರೆದ್ರು. ಈ ನಂಬರ್ ನೆನಪಿಟ್ಕೊಳ್ಳಿ, ವೈವಾದಲ್ಲಿ ಹೇಳಿದ್ರೆ ಎಕ್ಸಾಮಿನರ್ ಮುಖ ಅರಳತ್ತೆ. 48 ಗಂಟೆಗಿಂತ ಜಾಸ್ತಿ ವೆಂಟಿಲೇಟರ್, ಇಲ್ಲಾ ರಕ್ತ ಹೆಪ್ಪುಗಟ್ಟೋ ತೊಂದರೆ, ಇವೆರಡರಲ್ಲಿ ಒಂದಾದ್ರೂ ಇದ್ದ 847 ಜನರಲ್ಲಿ 31 ಜನಕ್ಕೆ ಗಂಭೀರ ರಕ್ತಸ್ರಾವ ಆಯ್ತು. ಎರಡೂ ಇಲ್ದೇ ಇದ್ದ 1405 ಜನರಲ್ಲಿ? ಬರೀ ಇಬ್ಬರಿಗೆ. ಅಂದ್ರೆ ಐಸಿಯು ಒಳಗೇನೇ ಸುಮಾರು ಜನಕ್ಕೆ ಇದು ಬೇಕಿಲ್ಲ ಅಂತ ಆಗ್ಲೇ ಗೊತ್ತಾಗಿತ್ತು, ನಾವು ಅದನ್ನ ತಂದು ಜನರಲ್ ವಾರ್ಡಿನ ಜ್ವರದ ಪೇಷಂಟಿಗೆ ಹಾಕ್ತಿದೀವಿ.

ವಾರ್ಡಿನ ಲೆಕ್ಕನೂ ಇದೆ. ಬಾಸ್ಟನ್‌ನಲ್ಲಿ ಐಸಿಯು ಹೊರಗಿನ ಅಡ್ಮಿಷನ್ ಮೇಲೆ ಮಾಡಿದ ಸ್ಟಡಿನಲ್ಲಿ (2011) ಆಸ್ಪತ್ರೆಗೆ ಬಂದ್ಮೇಲೆ ಹೊಸದಾಗಿ ರಕ್ತಸ್ರಾವ ಆಗಿದ್ದು 0.29% ಜನಕ್ಕೆ. ಒಬ್ಬರಿಗೆ ಅದನ್ನ ತಪ್ಪಿಸೋಕೆ ಸುಮಾರು 770 ಜನಕ್ಕೆ ಈ ಔಷಧಿ ಕೊಡ್ಬೇಕು. ಅದೇ ತಂಡ 2009ರಲ್ಲಿ 63,878 ಅಡ್ಮಿಷನ್ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆಸಿಡ್ ಔಷಧಿ ಹೋಗಿತ್ತು, ತಗೊಂಡವ್ರಲ್ಲಿ ಆಸ್ಪತ್ರೆಯಲ್ಲಿ ಹತ್ತೋ ನ್ಯುಮೋನಿಯಾದ ಆಡ್ಸ್ (ಆದವ್ರಿಗೂ ಆಗದವ್ರಿಗೂ ಇರೋ ಅನುಪಾತ) 30% ಜಾಸ್ತಿ ಕಂಡಿತ್ತು. ಆಸಿಡ್ ಅನ್ನೋದು ಕ್ರಿಮಿಗಳಿಗೆ ಒಂದು ಗೇಟ್ ಇದ್ದಂಗೆ, ಅದನ್ನ ತೆಗೆದ್ರೆ ಮೇಲೆ ಶ್ವಾಸಕೋಶಕ್ಕೂ ಕೆಳಗೆ ಕರುಳಿಗೂ ದಾರಿ ಸಲೀಸು ಅನ್ನೋದು ವಿವರಣೆ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಭೇದಿ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಕೆ ಕೊಟ್ಟಿದೆ, ರಕ್ತದಲ್ಲಿ ಮೆಗ್ನೀಸಿಯಂ ಇಳಿಯೋದ್ರ ಬಗ್ಗೆ 2011ರಲ್ಲಿ.

ಆದ್ರೆ ಇಲ್ಲಿ ಒಂದು ಬ್ರೇಕ್ ಹಾಕ್ಬೇಕು. ವಾಟ್ಸಾಪಲ್ಲಿ "ಗ್ಯಾಸ್ಟ್ರಿಕ್ ಮಾತ್ರೆ ತಗೊಂಡ್ರೆ ಕಿಡ್ನಿ ಹೋಗತ್ತೆ, ಮರೆವು ಬರತ್ತೆ" ಅಂತೆಲ್ಲ ಓಡಾಡತ್ತಲ್ಲ, ಅದ್ರಲ್ಲಿ ಬಹಳಷ್ಟು ಅಬ್ಸರ್ವೇಷನಲ್ ಸ್ಟಡಿಗಳಿಂದ (ಔಷಧಿ ತಾವು ಹಂಚದೆ, ತಗೊಳ್ಳೋರನ್ನ ಬರೀ ಗಮನಿಸೋ ಸ್ಟಡಿ) ಬಂದಿದ್ದು, ಕಾಯಿಲೆ ಜಾಸ್ತಿ ಇರೋರೇ ಪಿಪಿಐ ಜಾಸ್ತಿ ತಗೊಳ್ಳೋದ್ರಿಂದ ಯಾವುದು ಕಾರಣ ಯಾವುದು ಪರಿಣಾಮ ಹೇಳೋದು ಕಷ್ಟ. 2019ರ ಕಂಪಾಸ್ ಟ್ರಯಲಲ್ಲಿ 17,598 ಜನಕ್ಕೆ ಲಾಟರಿ ಥರ ಹಂಚಿ ಪ್ಯಾಂಟೊ ಇಲ್ಲಾ ಪ್ಲಸೀಬೋ (ಔಷಧಿ ಇಲ್ಲದ ಉತ್ತುತ್ತ ಮಾತ್ರೆ) ಕೊಟ್ಟು ಸುಮಾರು ಮೂರು ವರ್ಷ ನೋಡಿದ್ರು, ಸ್ಪಷ್ಟವಾಗಿ ಜಾಸ್ತಿ ಆಗಿದ್ದು ಕರುಳಿನ ಸೋಂಕು ಮಾತ್ರ, 1.4% ವರ್ಸಸ್ 1.0%. ಹಂಗಾಗಿ ನನ್ನ ಪ್ರಕಾರ ಇದು ವಿಷ ಅಂತ ಹೆದರಿಸೋದು ತಪ್ಪು ವಾದ, ಕಾರಣ ಇಲ್ದೇ ಯಾಕೆ ಕೊಡ್ತೀರ ಅನ್ನೋದೇ ಸರಿಯಾದ ವಾದ.

ಐಸಿಯುನಲ್ಲಿ ಇತ್ತೀಚಿನ ದೊಡ್ಡದು ಅಂದ್ರೆ 2024ರ ರಿವೈಸ್ ಟ್ರಯಲ್, ವೆಂಟಿಲೇಟರಲ್ಲಿ ಇರೋ 4821 ಜನ, ಪ್ಯಾಂಟೊ ಕೊಟ್ಟವ್ರಲ್ಲಿ ರಕ್ತಸ್ರಾವ 1.0%, ಕೊಡದವ್ರಲ್ಲಿ 3.5%, ಸಾವಿನ ಪ್ರಮಾಣದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ಅಂದ್ರೆ ಸರಿಯಾದ ಪೇಷಂಟಿಗೆ ಇದು ಕೆಲಸ ಮಾಡತ್ತೆ, ಅದ್ರಲ್ಲಿ ಡೌಟಿಲ್ಲ. ವೆಂಟಿಲೇಟರ್ ತೆಗೆದು ವಾರ್ಡಿಗೆ ಕಳ್ಸೋವಾಗ ಇದನ್ನೂ ಚಾರ್ಟಿಂದ ತೆಗೀಬೇಕು, ಅಲ್ಲೇ ಎಲ್ರೂ ಮರೆಯೋದು.

ನಿಜವಾಗ್ಲೂ ಬೇಕಾದವ್ರು ಯಾರು ಅಂದ್ರೆ ಅಲ್ಸರಿಂದ ರಕ್ತ ಹೋಗ್ತಿರೋರು, ಅನ್ನನಾಳ ಸುಟ್ಟು ಹುಣ್ಣಾಗಿರೋರು, ಹೆಚ್ ಪೈಲೋರಿ (ಅಲ್ಸರ್ ತರೋ ಬ್ಯಾಕ್ಟೀರಿಯಾ) ಔಷಧಿ ಕೋರ್ಸಲ್ಲಿ ಇರೋರು, ಸ್ಟೆಂಟ್ ಹಾಕಿಸ್ಕೊಂಡು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ಕೊಡೋ ಮಾತ್ರೆ) ತಗೊಳ್ಳೋ ವಯಸ್ಸಾದವ್ರು, ಹಳೇ ಅಲ್ಸರ್ ಇದ್ದೂ ನೋವಿನ ಮಾತ್ರೆ ಬಿಡೋಕಾಗದವ್ರು. ಇವ್ರದ್ದು ಯಾವ ಹುಮ್ಮಸ್ಸಲ್ಲೂ ನಿಲ್ಲಿಸ್ಬೇಡಿ. ಕ್ಲೋಪಿಡೋಗ್ರೆಲ್ ಇದ್ರೆ ಒಮೆಪ್ರಜೋಲ್, ಈಸೊಮೆಪ್ರಜೋಲ್ ಬೇಡ, ಪ್ಯಾಂಟೊ ಓಕೆ. ಬರೀ ಸ್ಟಿರಾಯ್ಡ್ ಮಾತ್ರ ಕೊಡ್ತಿದ್ರೆ ಅದೊಂದೇ ಕಾರಣ ಸಾಲದು, ಸ್ಟಿರಾಯ್ಡ್ ಜೊತೆ ನೋವಿನ ಮಾತ್ರೆ ಸೇರಿದ್ರೆ ಆಗ ಬೇಕು. ಇದು ಟ್ರಿಕ್ ಪ್ರಶ್ನೆ.

ಆಸ್ಪತ್ರೆಯಲ್ಲಿ ನಾಲ್ಕು ದಿನ ಕೊಟ್ರೆ ಅಷ್ಟೇನೂ ಆಗಲ್ಲ ಅನ್ಬಹುದು, ಆದ್ರೆ ಅದು ನಾಲ್ಕು ದಿನಕ್ಕೆ ನಿಲ್ಲಲ್ಲ, ಡಿಸ್ಚಾರ್ಜ್ ಸಮ್ಮರಿಗೆ ಕಾಪಿ ಆಗತ್ತೆ, ಎಷ್ಟು ದಿನ ಅನ್ನೋ ಜಾಗ ಖಾಲಿ ಇರತ್ತೆ, ಮೆಡಿಕಲ್ ಶಾಪವ್ರು ಹಳೇ ಚೀಟಿ ನೋಡಿ ಕೊಡ್ತಾನೇ ಇರ್ತಾರೆ. ನಮ್ಮಜ್ಜಿಗೆ ಹಿಂಗೇ ಆಗಿದ್ದು. ಉರಿಮೂತ್ರಕ್ಕೆ ಅಡ್ಮಿಟ್ ಆಗಿ ಬಂದವ್ರು ಎರಡು ವರ್ಷ ಆದ್ರೂ "ಖಾಲಿ ಹೊಟ್ಟೆ ಮಾತ್ರೆ" ನುಂಗ್ತಾನೇ ಇದ್ರು, ಬಿಟ್ರೆ ಎದೆ ಉರಿ ಬರತ್ತೆ ನೋಡು, ಅದಕ್ಕೇ ಬೇಕು ಅಂತ ನಂಗೇ ಪಾಠ.

ಅಜ್ಜಿ ಹೇಳಿದ್ದು ಸುಳ್ಳಲ್ಲ, ಆದ್ರೆ ಕಾರಣ ಉಲ್ಟಾ. ಆಸಿಡ್ ಇಲ್ದೇ ಇದ್ದಾಗ ದೇಹ ಗ್ಯಾಸ್ಟ್ರಿನ್ ಹಾರ್ಮೋನ್ ಏರಿಸ್ತಾ ಹೋಗತ್ತೆ, ಮಾತ್ರೆ ದಿಢೀರಂತ ನಿಲ್ಲಿಸಿದ್ರೆ ತಡೆದಿಟ್ಟಿದ್ದ ಆಸಿಡ್ ಮೊದ್ಲಿಗಿಂತ ಜೋರಾಗಿ ಬರತ್ತೆ. ಡೆನ್ಮಾರ್ಕಲ್ಲಿ 2009ರಲ್ಲಿ 120 ಆರೋಗ್ಯವಂತರ ಮೇಲೆ ಇದನ್ನ ತೋರ್ಸಿದ್ರು, ಎದೆ ಉರಿ ಅಂದ್ರೇನು ಅಂತ ಗೊತ್ತಿಲ್ದವ್ರಿಗೆ ಎಂಟು ವಾರ ಪಿಪಿಐ ಕೊಟ್ಟು ನಿಲ್ಲಿಸಿದ್ರೆ 44% ಜನಕ್ಕೆ ಹೊಟ್ಟೆ, ಎದೆ ತಕರಾರು ಶುರು, ಪ್ಲಸೀಬೋದವ್ರಲ್ಲಿ 15%. ಇಲ್ದೇ ಇದ್ದ ಕಾಯಿಲೆನ ಮಾತ್ರೆನೇ ತಂದ್ಕೊಡ್ತು ನೋಡಿ.

ಅಜ್ಜಿಗೆ ಅಲ್ಸರ್ ಹಿಸ್ಟರಿ ಇಲ್ಲ, ಆಸ್ಪಿರಿನ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಡಾಕ್ಟ್ರು 40ನ 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿದ್ರು, ಉರಿ ಬಂದಾಗ ಮಾತ್ರ ಆಂಟಾಸಿಡ್ ಸಿರಪ್. ಮೊದಲ ಎರಡು ವಾರ ಮೊಮ್ಮಗನಿಗೆ ಓದ್ಸಿದ್ದೇ ತಪ್ಪಾಯ್ತು ಅಂತ ಬೈಸ್ಕೊಂಡೆ. ಈಗ ವಾರಕ್ಕೊಂದ್ಸಲ ಸಿರಪ್ ಸಾಕು, ಅದೂ ಬಜ್ಜಿ ತಿಂದ ದಿನ.